ಸಂಪಾದಕರ ಉತ್ತರ: ನಮ್ಮ ಟೈಮು, ಅವರ ಟೈಮು

ಮೈಸೂರಿಂದ ಬರೆದಿರೋ ಓದುಗರೇ, ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕಲ್ಲ. ಬೇರೆಯವರಿಗೂ ಗೊತ್ತಾಗ್ಲಿ ಅಂತ ನಿಮ್ಮ ಪತ್ರದ ಸಾರ ಮಾತ್ರ ಹೇಳಿಬಿಡ್ತೀನಿ. ಬಿಕಾಂ ಆಗಿದೆ, ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದ ಒಂದು ಫ್ಯಾಕ್ಟರಿ ಆಫೀಸಲ್ಲಿ 8 ವರ್ಷ 4 ತಿಂಗಳಿಂದ ಅಕೌಂಟ್ಸ್ ನೋಡ್ಕೋತಿದ್ದೀರಿ, ಬೆಳಗ್ಗೆ 9ಕ್ಕೆ ಪಂಚ್, ಹತ್ತು ನಿಮಿಷ ಲೇಟಾದ್ರೆ ಅರ್ಧ ದಿನದ ಸಂಬಳ ಕಟ್. ಅತ್ತೆಗೆ ಸ್ಟ್ರೋಕ್ ಆಗಿ ಹಾಸಿಗೆ ಹಿಡಿದಿದ್ದಾರೆ, ಮಗಳು ಮೂರನೇ ಕ್ಲಾಸು. ಕೆಲಸ ಬಿಟ್ಟು "ನಮ್ಮ ಟೈಮಿಗೆ ತಕ್ಕ ಹಾಗೆ" ಏನಾದ್ರೂ ಮಾಡಬೇಕು, ಟಿಫನ್ ಮಾಡಲಾ, ಸೀರೆ ಕುಚ್ಚು ಹಾಕಲಾ, ವಾಟ್ಸಾಪಲ್ಲಿ ಬಂದಿರೋ ಟೈಪಿಂಗ್ ಕೆಲಸಕ್ಕೆ ಸೇರಲಾ ಅಂತ ಕೇಳಿದ್ದೀರಿ.

ಟೈಪಿಂಗ್ ಕೆಲಸದ ವಿಷಯ ಮೊದಲು ಮುಗಿಸೋಣ. ಸೇರೋಕೆ 2,000 ಡೆಪಾಸಿಟ್ ಕಟ್ಟಿ ಅಂದಿದ್ದಾರೆ ಅಂದ್ರಲ್ಲ, ಅದು ಕೆಲಸ ಅಲ್ಲ, ಮೋಸ. ಸಂಬಳ ಕೊಡೋನು ಯಾವತ್ತೂ ಮೊದಲು ದುಡ್ಡು ಕೇಳಲ್ಲ. ಆಗಲೇ ಕಟ್ಟಿಬಿಟ್ಟಿದ್ರೆ ಇವತ್ತೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಇನ್ನು ಟಿಫನ್. ಮನೆಯಲ್ಲಿ ಮಾಡಿ ಮಾರೋರಿಗೂ ಆಹಾರ ಸುರಕ್ಷತೆ ನೋಡ್ಕೊಳ್ಳೋ ಕೇಂದ್ರ ಸಂಸ್ಥೆ ಎಫ್‌ಎಸ್‌ಎಸ್‌ಎಐ ರಿಜಿಸ್ಟ್ರೇಷನ್ ಬೇಕು, ಸಣ್ಣ ವ್ಯಾಪಾರದವರಿಗೆ ಫೀಸು ವರ್ಷಕ್ಕೆ 100 ರೂಪಾಯಿ ಅಷ್ಟೇ, ಅದೇನೂ ದೊಡ್ಡ ವಿಷಯ ಅಲ್ಲ. ಕಷ್ಟ ಇರೋದು ಬೇರೆ ಕಡೆ. ಜನಕ್ಕೆ ಇಡ್ಲಿ ಬೇಕಾಗಿರೋದು ಬೆಳಗ್ಗೆ ಎಂಟಕ್ಕೆ, ಅಂದ್ರೆ ನೀವು ನಾಲ್ಕೂವರೆಗೆ ಏಳಬೇಕು, ಅತ್ತೆಯವರಿಗೆ ಮೈ ಒರೆಸಿ ಬಟ್ಟೆ ಬದಲಾಯಿಸೋ ಹೊತ್ತೂ ಅದೇ, ಮಗಳಿಗೆ ಜಡೆ ಹಾಕೋ ಹೊತ್ತೂ ಅದೇ. ಆಫೀಸಿನ 9 ಗಂಟೆಯಿಂದ ತಪ್ಪಿಸ್ಕೊಂಡು ಇಡ್ಲಿಯ 8 ಗಂಟೆಗೆ ಸಿಕ್ಕಿಹಾಕ್ಕೊಂಡ ಹಾಗೆ.

ಕುಚ್ಚಿನ ಕಥೆ ನನಗೆ ಹತ್ತಿರದಿಂದ ಗೊತ್ತು. ನಮ್ಮ ಎದುರು ಮನೆ ಅಕ್ಕ ವರ್ಷಗಳಿಂದ ಕುಚ್ಚು ಹಾಕ್ತಾರೆ, ತೊಡೆ ಮೇಲೆ ದಿಂಬು, ದಿಂಬಿಗೆ ಸೆರಗು ಪಿನ್ ಮಾಡ್ಕೊಂಡು ಕಿಟಕಿ ಬೆಳಕಲ್ಲಿ ಕೂತಿರ್ತಾರೆ, ಪಕ್ಕದಲ್ಲಿ ಕಾಫಿ ಲೋಟ ಇಡೋ ಹಾಗಿಲ್ಲ, ಒಂದು ಹನಿ ಬಿದ್ರೆ ಹದಿನೈದು ಸಾವಿರದ ಸೀರೆ ಇವರ ತಲೆ ಮೇಲೆ. ಬಣ್ಣಕ್ಕೆ ದಾರ ಹೊಂದಿಸೋಕೇ ಅರ್ಧ ಗಂಟೆ ಹೋಗುತ್ತೆ, ಅದಕ್ಕೆ ಯಾರೂ ಕಾಸು ಕೊಡಲ್ಲ. ಆಷಾಢದಲ್ಲಿ ಮದುವೆ ಇಲ್ಲ, ಕೈ ಖಾಲಿ. ವರಮಹಾಲಕ್ಷ್ಮಿ ಹಬ್ಬಕ್ಕೆ ಹದಿನೈದು ದಿನ ಇದೆ ಅನ್ನೋವಾಗ ಒಂದೇ ಸಲ ಇಪ್ಪತ್ತು ಸೀರೆ ಬರುತ್ತೆ, ರಾತ್ರಿ ಒಂದರ ತನಕ ಆ ಮನೆಯಲ್ಲಿ ಲೈಟು ಆರಲ್ಲ. ಅಂಗಡಿಯವರು ಗಿರಾಕಿ ಹತ್ರ 600 ತಗೊಂಡು ಇವರ ಕೈಗೆ 250 ಇಡ್ತಾರೆ, ಅದೂ ಮುಂದಿನ ಸೀರೆ ಕೊಡೋವಾಗ. ಅಕ್ಕ ಬೇಜಾರಿಲ್ಲದೆ ಮಾಡ್ತಾರೆ, ಯಾಕಂದ್ರೆ ಕೈ ಕೂತಿದೆ. ನೀವು ಈಗ ಕಲಿಯೋಕೆ ಕೂತರೆ ಆ ಸ್ಪೀಡು ಬರೋಕೇ ಒಂದು ವರ್ಷ ಬೇಕು.

ನನಗೆ ಆಶ್ಚರ್ಯ ಆಗಿದ್ದು ಏನಪ್ಪ ಅಂದ್ರೆ, ಎಂಟು ವರ್ಷ ಟ್ಯಾಲಿ ಅನ್ನೋ ಲೆಕ್ಕದ ಸಾಫ್ಟ್‌ವೇರ್ ಮುಂದೆ ಕೂತಿರೋರು ಎರಡು ಪುಟದ ಪತ್ರದಲ್ಲಿ ಆ ಕೆಲಸಾನೇ ಮನೆಯಿಂದ ಮಾಡಬಹುದಾ ಅಂತ ಕೇಳೇ ಇಲ್ಲ. 2025ರ ಜುಲೈನಲ್ಲಿ ಯುಪಿಐ ವಹಿವಾಟು ನೋಡಿ ಸಣ್ಣಪುಟ್ಟ ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳಿಗೆಲ್ಲ ವಾಣಿಜ್ಯ ತೆರಿಗೆ ಇಲಾಖೆ ನೋಟಿಸ್ ಕೊಟ್ಟಾಗ ಎಷ್ಟು ಗಲಾಟೆ ಆಯ್ತು ನೆನಪಿದೆ ತಾನೆ? ಸಾಮಾನು ಮಾರೋರಿಗೆ ವರ್ಷಕ್ಕೆ 40 ಲಕ್ಷ, ಸರ್ವಿಸ್‌ನವರಿಗೆ 20 ಲಕ್ಷ ದಾಟಿದ್ರೆ ಜಿಎಸ್‌ಟಿ ರಿಜಿಸ್ಟ್ರೇಷನ್ ಅನ್ನೋದೇ ಎಷ್ಟೋ ಜನಕ್ಕೆ ಆಗಲೇ ಗೊತ್ತಾಗಿದ್ದು. ಅಂಥ ಅಂಗಡಿಯವರಿಗೆ ಬಿಲ್ ಎಂಟ್ರಿ ಮಾಡಿ ಲೆಕ್ಕ ಸರಿ ಇಟ್ಟುಕೊಡೋರು ಬೇಕು. ಈ ಕೆಲಸದಲ್ಲೂ ಗಡುವು ಇದೆ, ತಿಂಗಳ ರಿಟರ್ನ್ ಹಾಕೋರಿಗೆ 11ಕ್ಕೆ ಮಾರಾಟದ ವಿವರ ಕೊಡೋ ಜಿಎಸ್‌ಟಿಆರ್-1, 20ಕ್ಕೆ ತೆರಿಗೆ ಲೆಕ್ಕದ 3ಬಿ, ಅದು ನಿಮಗೇ ಗೊತ್ತು. ಆದ್ರೆ ಇಲ್ಲಿ ಗಟ್ಟಿಯಾಗಿರೋದು ತಾರೀಕು, ಗಂಟೆ ಅಲ್ಲ. ಅತ್ತೆ ಮಲಗಿದ ಮೇಲೆ ಮಧ್ಯಾಹ್ನ ಎರಡಕ್ಕೂ ಮಾಡಬಹುದು, ರಾತ್ರಿ ಹತ್ತಕ್ಕೂ ಮಾಡಬಹುದು. ಬಿಕಾಂ ಆದೋರು ಜಿಎಸ್‌ಟಿ ಪ್ರಾಕ್ಟೀಷನರ್, ಅಂದ್ರೆ ಬೇರೆಯವರ ಪರವಾಗಿ ರಿಟರ್ನ್ ಹಾಕಿಕೊಡೋರು, ಆಗೋಕೂ ಅರ್ಜಿ ಹಾಕಬಹುದು, ಒಂದು ಎಕ್ಸಾಮ್ ಇದೆ, ನಿಮಗೆ ಅದು ಕಷ್ಟ ಆಗಲ್ಲ.

ರಾಜೀನಾಮೆ ಬರೆಯೋ ಮುಂಚೆ ಮಾತ್ರ ಸ್ವಲ್ಪ ಲೆಕ್ಕ ಹಾಕಿ. ಐದು ವರ್ಷ ದಾಟಿರೋದ್ರಿಂದ ಗ್ರಾಚ್ಯುಟಿ, ಅಂದ್ರೆ ಕೆಲಸ ಬಿಡುವಾಗ ಕಂಪನಿ ಕೊಡೋ ಇಡುಗಂಟು, ಬರುತ್ತೆ, ನೀವು ಬರೆದಿರೋ ಹಾಗೆ ಬೇಸಿಕ್ಕೂ ತುಟ್ಟಿಭತ್ಯೆನೂ (ಡಿಎ) ಸೇರಿ 14,000 ಆದ್ರೆ ಅದನ್ನ 26ರಿಂದ ಭಾಗಿಸಿ, 15ರಿಂದ ಗುಣಿಸಿ, ಮತ್ತೆ 8 ವರ್ಷಕ್ಕೆ ಗುಣಿಸಿದ್ರೆ ಸುಮಾರು 64,600. ಅದನ್ನ ಕೇಳಿ ತಗೊಳ್ಳಿ. ಪಿಎಫ್ ಪೆನ್ಷನ್‌ಗೆ 10 ವರ್ಷ ಸರ್ವಿಸ್ ಬೇಕು, ನಿಮಗೆ ಇನ್ನೂ ಸ್ವಲ್ಪ ಬಾಕಿ. ಅವಸರಪಟ್ಟು ಪೆನ್ಷನ್ ದುಡ್ಡು ವಾಪಸ್ ತಗೋಬೇಡಿ, ಫಾರ್ಮ್ 10ಸಿ ಹಾಕಿ ಸ್ಕೀಮ್ ಸರ್ಟಿಫಿಕೇಟ್ ತಗೊಂಡಿಟ್ಕೊಳ್ಳಿ, ಮುಂದೆ ಯಾವಾಗಲಾದ್ರೂ ಕೆಲಸಕ್ಕೆ ಸೇರಿದ್ರೆ ಈ ವರ್ಷಗಳು ಸೇರ್ಕೊಳ್ಳುತ್ತೆ. ಕಂಪನಿ ಹೆಲ್ತ್ ಇನ್ಶೂರೆನ್ಸಲ್ಲಿ ಅತ್ತೆ ಹೆಸರೂ ಇದೆ ಅಂದ್ರಿ, ಬಿಟ್ಟ ದಿನ ಅದೂ ಹೋಗುತ್ತೆ. ಹೊಸ ಪಾಲಿಸಿಯಲ್ಲಿ ಮೊದಲೇ ಇರೋ ಕಾಯಿಲೆಗೆ ಮೂರು ವರ್ಷದ ತನಕ ಕಾಯಿಸಬಹುದು, ಹಾಗಾಗಿ ಅದೇ ಇನ್ಶೂರೆನ್ಸ್ ಕಂಪನಿಯಲ್ಲೇ ನಿಮ್ಮ ಸ್ವಂತ ಹೆಲ್ತ್ ಪಾಲಿಸಿಗೆ ಬದಲಾಯಿಸೋಕೆ ಆಗುತ್ತಾ ಅಂತ ಈಗಲೇ ಎಚ್‌ಆರ್ ಹತ್ರ ಕೇಳಿ.

ದುಡ್ಡು ಕೈಗೆ ಬರೋ ವಿಷಯದಲ್ಲೂ ಹುಷಾರು. ನಮ್ಮ ಪತ್ರಿಕೆಗೆ ಕರಡು ತಿದ್ದೋರು ಮನೆಯಿಂದಲೇ ಕೆಲಸ ಮಾಡೋದು, ಅವರ ಬಿಲ್ಲು ನಾವು ಎರಡೆರಡು ತಿಂಗಳು ಇಟ್ಕೊಂಡಿದ್ದೂ ಉಂಟು, ನಾಚಿಕೆ ಆಗುತ್ತೆ ಹೇಳೋಕೆ. ಆರು ತಿಂಗಳ ಮನೆ ಖರ್ಚು ಬ್ಯಾಂಕಲ್ಲಿ ಇಲ್ಲದೆ ಹೊರಗೆ ಕಾಲಿಡಬೇಡಿ. ಗುರುತಿರೋ ಎರಡು ಅಂಗಡಿಯವರನ್ನ ಈಗಲೇ ಮಾತಾಡಿಸಿ, ತಿಂಗಳಿಗೆ ಎಷ್ಟು ಕೊಡ್ತೀರಿ ಅಂತ ಬಾಯಿಬಿಟ್ಟು ಕೇಳಿ.

ಇನ್ನೊಂದು ವಿಷಯ. ಅತ್ತೆ ಏಳೋ ಹೊತ್ತು, ಮಗಳ ವ್ಯಾನ್ ಬರೋ ಹೊತ್ತು, ನಿಮ್ಮ ಬಸ್ಸಿನ ಹೊತ್ತು ಎಲ್ಲಾ ಬರೆದಿದ್ದೀರಿ. ನಿಮ್ಮ ಯಜಮಾನರು ಎಷ್ಟೊತ್ತಿಗೆ ಎದ್ದು ಎಷ್ಟೊತ್ತಿಗೆ ಮನೆಗೆ ಬರ್ತಾರೆ ಅಂತ ಒಂದು ಸಾಲೂ ಇಲ್ಲ. ಮುಂದಿನ ಪತ್ರದಲ್ಲಿ ಅದನ್ನೂ ಬರೀರಿ.

– ಸಂಪಾದಕ