ವೈಫೈ ನೆಚ್ಚುವಂತಿಲ್ಲದ ತರಗತಿಯಲ್ಲಿ ಮೊಬೈಲ್ ಬಳಸಿ ಪಾಠ ಮಾಡುವುದು ಹೇಗೆ?

ಬಿಎಸ್ಸಿ ಭೌತಶಾಸ್ತ್ರ, 60 ವಿದ್ಯಾರ್ಥಿಗಳು, ಎಲ್ಲರ ಕೈಯಲ್ಲೂ ಮೊಬೈಲ್, ಆದರೆ ಕ್ಯಾಂಪಸ್ ವೈಫೈ ಕೈಕೊಡುತ್ತದೆ, ಎಲ್ಲಿಂದ ಶುರು ಮಾಡಲಿ ಎಂದು ಕೇಳಿದ್ದೀರಿ.

ಲ್ಯಾಬಿನಿಂದಲೇ ಶುರು ಮಾಡಿ. ಫೋನಿನಲ್ಲಿ ವಿಡಿಯೊ ನೋಡುವುದು ಅವರಿಗೆ ಹೊಸದಲ್ಲ. ಅದರೊಳಗಿನ ಸೆನ್ಸರ್‌ಗಳಿಂದ ಅಳತೆ ತೆಗೆಯುವುದು ಹೊಸದು, ಅದಕ್ಕೆ ಇಂಟರ್ನೆಟ್ ಕೂಡ ಬೇಡ. ಜರ್ಮನಿಯ ಆಖೆನ್ ನಗರದ ಆರ್‌ಡಬ್ಲ್ಯುಟಿಎಚ್ ವಿಶ್ವವಿದ್ಯಾಲಯದವರು ಮಾಡಿರುವ ‘ಫೈಫಾಕ್ಸ್’ ಆ್ಯಪ್ ಉಚಿತ. ಹಿಂದಿನ ದಿನವೇ ಮನೆಯಲ್ಲಿ ಹಾಕಿಕೊಂಡು ಬರಲು ಹೇಳಿ. ನಾಲ್ವರಿಗೊಂದು ಗುಂಪು ಮಾಡಿದರೆ 15 ಫೋನ್ ಸಾಕು. ಅಗ್ಗದ ಫೋನುಗಳಲ್ಲಿ ಗೈರೊಸ್ಕೋಪ್ (ತಿರುಗುವ ವೇಗ ಅಳೆಯುವ ಸೆನ್ಸರ್) ಇಲ್ಲದಿರುವುದು ಮಾಮೂಲು. ಗುಂಪಿನಲ್ಲಿ ಒಬ್ಬರ ಬಳಿ ಇದ್ದರೆ ಕೆಲಸ ನಡೆಯುತ್ತದೆ, ಯಾರೂ ತಮ್ಮ ಫೋನಿನ ಬಗ್ಗೆ ಸಂಕೋಚಪಡಬೇಕಿಲ್ಲ.

ಮೊದಲ ಪ್ರಯೋಗಕ್ಕೆ ಲೋಲಕ ಒಳ್ಳೆಯದು. ಫೋನನ್ನು ಒಂದೇ ದಾರದಲ್ಲಿ ಕಟ್ಟಿದರೆ ಗಿರಗಿರನೆ ತಿರುಗುತ್ತದೆ, ಎರಡು ದಾರ ಕಟ್ಟಿ. ಉದ್ದ 1 ಮೀಟರ್ ಇರಲಿ, ತೂಗುವ ಕೋನ 10 ಡಿಗ್ರಿ ಮೀರದಿರಲಿ. ಆಗ ಆಂದೋಲನದ ಅವಧಿ ಸುಮಾರು 2 ಸೆಕೆಂಡ್ ಬರಬೇಕು. ಉದ್ದವನ್ನು ಫೋನಿನ ಮೇಲಂಚಿಗಲ್ಲ, ಮಧ್ಯಕ್ಕೆ ಅಳೆಯಬೇಕು. 2 ಸೆಂಟಿಮೀಟರ್ ತಪ್ಪಿದರೂ ಗುರುತ್ವ ವೇಗೋತ್ಕರ್ಷದ ಬೆಲೆ 0.2ರಷ್ಟು ಅತ್ತಿತ್ತ ಆಗುತ್ತದೆ. ಗೈರೊಸ್ಕೋಪ್ ಬಿಟ್ಟು ಆಕ್ಸಲರೊಮೀಟರ್ (ವೇಗೋತ್ಕರ್ಷ ಅಳೆಯುವ ಸೆನ್ಸರ್) ಗ್ರಾಫ್ ನೋಡಿದವರಿಗೆ ಅವಧಿ 1 ಸೆಕೆಂಡ್, ಗುರುತ್ವ 9.8ರ ಬದಲು 39 ಬರುವುದುಂಟು. ದಾರದ ಎಳೆತ ಲೋಲಕ ತಳ ದಾಟುವಾಗಲೆಲ್ಲ ಗರಿಷ್ಠವಾಗುತ್ತದೆ, ಅಂದರೆ ಒಂದು ಆಂದೋಲನಕ್ಕೆ ಎರಡು ಶಿಖರ. ಇದನ್ನು ಮೊದಲೇ ಹೇಳಿಬಿಡಬೇಡಿ, 39 ಯಾಕೆ ಬಂತು ಅಂತ ಅವರೇ ತಲೆ ಕೆಡಿಸಿಕೊಳ್ಳಲಿ. ತೂಗುವ ಫೋನಿನ ಗ್ರಾಫನ್ನು ಲ್ಯಾಪ್‌ಟಾಪ್‌ನಲ್ಲಿ ನೋಡಲು ಆ್ಯಪ್‌ನ ರಿಮೋಟ್ ಆಕ್ಸೆಸ್ ಇದೆ. ಕ್ಯಾಂಪಸ್ ವೈಫೈಯಲ್ಲಿ ಒಂದು ಸಾಧನ ಇನ್ನೊಂದನ್ನು ನೋಡದಂತೆ ತಡೆ ಹಾಕಿರುವುದುಂಟು, ಹಾಗಾಗಿ ಫೋನಿನ ಹಾಟ್‌ಸ್ಪಾಟ್‌ಗೆ ಲ್ಯಾಪ್‌ಟಾಪ್ ಜೋಡಿಸಿ.

ತರಗತಿಯಲ್ಲಿ ಪ್ರಶ್ನೆ ಕೇಳುವುದಕ್ಕೆ ಗೂಗಲ್ ಫಾರ್ಮ್ ನಾನು ಸೂಚಿಸುವುದಿಲ್ಲ. ‘ಒಬ್ಬರಿಗೆ ಒಂದೇ ಉತ್ತರ’ ಎಂದು ಕಟ್ಟುಮಾಡಿದರೆ ಲಾಗಿನ್ ಕೇಳುತ್ತದೆ, ಪಾಸ್‌ವರ್ಡ್ ಮರೆತವರಿಂದಲೇ ಅರ್ಧ ಪೀರಿಯಡ್ ಹೋಗುತ್ತದೆ. ಪ್ಲಿಕರ್ಸ್ ಎಂಬ ಆ್ಯಪ್ ವಾಸಿ: ವಿದ್ಯಾರ್ಥಿಗಳು ಕಾಗದದ ಕಾರ್ಡನ್ನು ತಮ್ಮ ಉತ್ತರದ ಬದಿ ಮೇಲೆ ಬರುವಂತೆ ಹಿಡಿಯುತ್ತಾರೆ, ನಿಮ್ಮ ಒಂದು ಫೋನಿನ ಕ್ಯಾಮೆರಾ ಎಲ್ಲವನ್ನೂ ಓದುತ್ತದೆ. 63 ಕಾರ್ಡಿನ ಸೆಟ್ ನಿಮ್ಮ ತರಗತಿಗೆ ಸಾಲುತ್ತದೆ. ಹೊಳೆಯುವ ಲ್ಯಾಮಿನೇಷನ್ ಬೇಡ, ಟ್ಯೂಬ್‌ಲೈಟ್ ಪ್ರತಿಫಲಿಸಿ ಓದು ತಪ್ಪುತ್ತದೆ. ಸರಿ ಉತ್ತರ 30ರಿಂದ 70 ಪ್ರತಿಶತದೊಳಗೆ ಬಂದರೆ ಪಕ್ಕದವರೊಂದಿಗೆ ಎರಡು ನಿಮಿಷ ವಾದ ಮಾಡಲು ಬಿಟ್ಟು ಮತ್ತೆ ಕೇಳಿ. ಹಾರ್ವರ್ಡ್‌ನ ಎರಿಕ್ ಮಜೂರ್ 1990ರ ದಶಕದಿಂದ ಬಳಕೆಗೆ ತಂದ ಪದ್ಧತಿ ಇದು. 30ಕ್ಕಿಂತ ಕಡಿಮೆಯಾದರೆ ಚರ್ಚೆ ವ್ಯರ್ಥ, ನೀವೇ ಮತ್ತೊಮ್ಮೆ ವಿವರಿಸಬೇಕು.

ನೋಟ್ಸ್ ವಿಷಯಕ್ಕೆ ಬಂದರೆ, ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ವರ್ಡ್ ಫೈಲನ್ನು ಹಾಗೇ ಕಳಿಸಬೇಡಿ. ಫೋನಿನಲ್ಲಿ ಆ ಫಾಂಟ್ ಇರುವುದಿಲ್ಲ, ಅಕ್ಷರವೆಲ್ಲ ಕಲಸುಮೇಲೋಗರ. ಯೂನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರ ಮತ್ತು ಅರ್ಕಾವತ್ತು ಒಮ್ಮೆ ಕಣ್ಣಾಡಿಸಿ ನೋಡಿ. ಎ4 ಪುಟದ ಪಿಡಿಎಫ್ ಫೋನಿನಲ್ಲಿ ಓದುವುದು ಶಿಕ್ಷೆ, ಪುಟದ ಅಳತೆ ಎ5 ಅಥವಾ ಇನ್ನೂ ಚಿಕ್ಕದು ಇಟ್ಟು ಅಕ್ಷರ 16 ಪಾಯಿಂಟ್ ಮಾಡಿ.

ಕಾಲೇಜಿನಲ್ಲಿ ಮೂಡಲ್ (ಆನ್‌ಲೈನ್‌ನಲ್ಲಿ ಪಾಠ, ಕ್ವಿಜ್ ನಡೆಸುವ ತಂತ್ರಾಂಶ) ಇದ್ದರೆ ಅದರ ಆ್ಯಪ್‌ನಲ್ಲಿ ಕ್ವಿಜ್ ಆಫ್‌ಲೈನ್ ಬರೆಯಬಹುದು. ಆದರೆ ಕ್ವಿಜ್ ಸೆಟ್ಟಿಂಗ್‌ನಲ್ಲಿ ನೀವು ಅನುಮತಿ ಕೊಟ್ಟಿರಬೇಕು, ಸಮಯದ ಮಿತಿ ಇಟ್ಟಿರಬಾರದು, ಫಲಿತಾಂಶ ಕೊನೆಯಲ್ಲಿ ತೋರಿಸುವ ಡಿಫರ್ಡ್ ಫೀಡ್‌ಬ್ಯಾಕ್ ಆಯ್ಕೆಯಲ್ಲಿರಬೇಕು. ಬರೆದು ಮುಗಿಸಿದವರು ನೆಟ್‌ವರ್ಕ್ ಸಿಕ್ಕಾಗ ಸಿಂಕ್ ಮಾಡದಿದ್ದರೆ ಉತ್ತರ ಅವರ ಫೋನಿನಲ್ಲೇ ಉಳಿಯುತ್ತದೆ, ಕೊನೆಯ ದಿನಾಂಕವನ್ನು ಒಂದೆರಡು ದಿನ ಸಡಿಲ ಇಡಿ.