ತಾರಸಿ ಮೇಲೆ ಸೋಲಾರ್ ಇದೆ, ಮನೆಯೊಳಗೆ ಕತ್ತಲು

ಪ್ರಶ್ನೆ: ನಮ್ಮದು ಹೊಸನಗರ ತಾಲೂಕಿನ ಹಳ್ಳಿ. ಪಿಎಂ ಸೂರ್ಯಘರ್ ಸಬ್ಸಿಡಿಯಲ್ಲಿ 3 ಕಿಲೋವ್ಯಾಟ್ ಸೋಲಾರ್ ಹಾಕಿಸಿದ್ದೇವೆ. ಬಿಲ್ ಏನೋ ಇಳಿದಿದೆ. ಆದರೆ ಕರೆಂಟ್ ಹೋದ ಕೂಡಲೇ ಮಟಮಟ ಮಧ್ಯಾಹ್ನದ ಬಿಸಿಲಲ್ಲೂ ಸೋಲಾರ್ ಆಫ್ ಆಗುತ್ತದೆ! ಮೋಸ ಹೋದೆವಾ? ಮಳೆಗಾಲದಲ್ಲಿ ಇಲ್ಲಿ ಎರಡು ಮೂರು ದಿನ ಕರೆಂಟೇ ಇರುವುದಿಲ್ಲ.

ಉತ್ತರ: ಮೋಸ ಅಲ್ಲ. ಆದರೆ ಸೋಲಾರ್ ಹಾಕಿದವರು ಮೊದಲೇ ಬಾಯಿಬಿಟ್ಟು ಹೇಳಬೇಕಿತ್ತು. ನಿಮ್ಮದು ಆನ್‌ಗ್ರಿಡ್, ಅಂದರೆ ಊರಿನ ಲೈನಿಗೆ ಜೋಡಿಸಿದ್ದು. ಪ್ಯಾನೆಲ್‌ನ ಕರೆಂಟನ್ನು ಮನೆಗೆ ಬೇಕಾದ ಹಾಗೆ ಬದಲಿಸುವ ಅದರ ಇನ್ವರ್ಟರ್, ಲೈನಿನಲ್ಲಿ ಕರೆಂಟ್ ಇದ್ದರೆ ಮಾತ್ರ ಕೆಲಸ ಮಾಡುತ್ತದೆ. ಮರ ಬಿದ್ದು ಲೈನ್ ಆಫ್ ಮಾಡಿ ಲೈನ್‌ಮನ್ ಕಂಬ ಹತ್ತಿರುತ್ತಾರೆ, ಆಗ ನಿಮ್ಮ ತಾರಸಿಯಿಂದ ಕರೆಂಟ್ ಹರಿದರೆ ಅವರ ಗತಿ ಏನು? ಅದಕ್ಕೇ ತಾನಾಗಿ ಆಫ್ ಆಗುವ ವ್ಯವಸ್ಥೆ. (ಜನರೇಟರ್ ಇದ್ದವರೂ ಕೇಳಿಸಿಕೊಳ್ಳಿ: ಮನೆಯನ್ನು ಲೈನಿನಿಂದ ಬಿಡಿಸಿ ಜನರೇಟರ್‌ಗೆ ಜೋಡಿಸುವ ಚೇಂಜ್‌ಓವರ್ ಸ್ವಿಚ್ ಇಲ್ಲದೆ ಅದನ್ನು ಗೋಡೆಯ ಪ್ಲಗ್‌ಗೆ ಸಿಕ್ಕಿಸಬೇಡಿ.)

ಬ್ಯಾಟರಿ ಜೋಡಿಸಿಕೊಂಡು ಲೈನ್ ಹೋದಾಗಲೂ ಸೋಲಾರ್‌ನಿಂದ ಮನೆಗೆ ಕರೆಂಟ್ ಕೊಡುವ ಹೈಬ್ರಿಡ್ ಇನ್ವರ್ಟರ್ ಹಾಕಿಸಿ ಅಂತ ಅಂಗಡಿಯವರು ಹೇಳುತ್ತಾರೆ. ಹಾಕಿಸಬಹುದು, ನಿಮ್ಮ ಕಡೆಯ ವಿದ್ಯುತ್ ಕಂಪನಿ ಮೆಸ್ಕಾಂಗೆ ತಿಳಿಸಿಯೇ ಬದಲಾಯಿಸಬೇಕು, ಖರ್ಚೂ ಜಾಸ್ತಿ. ಆದರೆ ಒಂದು ಯೋಚನೆ ಮಾಡಿ. ನಿಮ್ಮಲ್ಲಿ ಕರೆಂಟ್ ದಿನಗಟ್ಟಲೆ ಹೋಗುವುದು ಯಾವಾಗ? ಜೂನ್, ಜುಲೈ ಮಳೆ ಹಿಡಿದಾಗ. ಆಗ ಬಿಸಿಲೆಲ್ಲಿದೆ? ಶರಾವತಿ ಹಿನ್ನೀರಿನ ಪಕ್ಕ ಕೂತು ಕತ್ತಲಲ್ಲಿರುವುದು ಹೊಟ್ಟೆ ಉರಿಸುವ ವಿಷಯ ಹೌದು, ಆದರೆ ನದಿಯಲ್ಲಿ ವಿದ್ಯುತ್ ಎಷ್ಟಿದ್ದರೂ ಕಾಡಿನ ನಡುವೆ ಬರುವ ತಂತಿ ಹರಿದರೆ ಮುಗಿಯಿತು.

ಹಾಗಾಗಿ ಸೋಲಾರನ್ನು ಇದ್ದ ಹಾಗೇ ಬಿಡಿ. ಮನೆಗಳಲ್ಲಿ ಇರುತ್ತದಲ್ಲ, ಆ ಸಾದಾ ಇನ್ವರ್ಟರ್, ಜೊತೆಗೆ 150 ಎಎಚ್ (ಆಂಪಿಯರ್-ಅವರ್, ಬ್ಯಾಟರಿಯ ಸಾಮರ್ಥ್ಯದ ಅಳತೆ) ಟ್ಯೂಬುಲರ್ ಬ್ಯಾಟರಿ ಒಂದು ಸಾಕು. 12 ವೋಲ್ಟ್ ಲೆಕ್ಕದಲ್ಲಿ ಅದರಲ್ಲಿ 1,800 ವ್ಯಾಟ್-ಅವರ್ ಇರುತ್ತದೆ. ಪೂರ್ತಿ ಹಿಂಡಿದರೆ ಬೇಗ ಸಾಯುತ್ತದೆ, ಸುಮಾರು 1,000 ಕೈಗೆ ಸಿಕ್ಕೀತು ಅಂತಿಟ್ಟುಕೊಳ್ಳಿ. ಜುಲೈ ಮಳೆಯಲ್ಲಿ ನಿಮ್ಮೂರಲ್ಲಿ ಫ್ಯಾನ್ ಯಾರಿಗೆ ಬೇಕು? 9 ವ್ಯಾಟ್‌ನ ನಾಲ್ಕು ಎಲ್‌ಇಡಿ ಬಲ್ಬು, ವೈಫೈ ರೂಟರ್, ಮೊಬೈಲ್ ಚಾರ್ಜು ಎಲ್ಲ ಸೇರಿ 60 ವ್ಯಾಟ್ ದಾಟುವುದಿಲ್ಲ. ಸಂಜೆ ಐದು ಗಂಟೆ ಉರಿಸಿದರೆ ಮೂರು ದಿನ ಬರುತ್ತದೆ. ಮಲಗುವಾಗ ಇನ್ವರ್ಟರನ್ನೇ ಆಫ್ ಮಾಡಿ. ಏನೂ ಹಾಕದೆ ಸುಮ್ನೆ ಕೂತಿದ್ದರೂ ಅದು 10–20 ವ್ಯಾಟ್ ತಿನ್ನುತ್ತದೆ, ಬೆಳಗಾಗುವಷ್ಟರಲ್ಲಿ ಒಂದು ಸಂಜೆಯ ಅರ್ಧದಷ್ಟು ಕರೆಂಟ್ ಅಲ್ಲೇ ಹೋಗಿರುತ್ತದೆ.

ಬೇಸಿಗೆಯ ಲೆಕ್ಕ ಬೇರೆ. ಹಳೆಯ ಫ್ಯಾನ್ 75 ವ್ಯಾಟ್, ಕಡಿಮೆ ಕರೆಂಟ್ ತಿನ್ನುವ ಹೊಸ ಬಗೆಯ ಬಿಎಲ್‌ಡಿಸಿ ಫ್ಯಾನ್ 30ರ ಆಸುಪಾಸು. ದೊಡ್ಡ ಬ್ಯಾಟರಿ ಕೊಳ್ಳುವ ಬದಲು ಮಲಗುವ ಕೋಣೆಯ ಎರಡು ಫ್ಯಾನ್ ಬದಲಾಯಿಸಿ. 2023ರ ಅಕ್ಟೋಬರ್‌ನಲ್ಲಿ ಮಳೆ ಕೈಕೊಟ್ಟು, ಪಂಪ್‌ಸೆಟ್ ಬಳಕೆ ಏರಿ ರಾಜ್ಯಕ್ಕೇ ವಿದ್ಯುತ್ ಸಾಲದೆ ಹೋಯಿತಲ್ಲ, ಅಂಥ ದಿನಗಳಿಗೆ ಅಷ್ಟು ಸಾಕು. ಮಿಕ್ಸಿ, ಫ್ರಿಜ್, ನೀರಿನ ಮೋಟಾರನ್ನು ಈ ಇನ್ವರ್ಟರ್‌ಗೆ ಹಚ್ಚಬೇಡಿ. ಮೋಡ ಕಂಡ ಕೂಡಲೇ ಮೇಲಿನ ಟ್ಯಾಂಕ್ ತುಂಬಿಸಿ, ಚಟ್ನಿಗೆ ಒರಳಿದೆ ಅಲ್ವಾ!

ಪ್ರಶ್ನೆ: ಇನ್ವರ್ಟರ್ ಮೊದಲು ನಾಲ್ಕು ಗಂಟೆ ಬರುತ್ತಿತ್ತು, ಈಗ ಒಂದು ಗಂಟೆಗೇ ಕೂಗುತ್ತದೆ. ಬ್ಯಾಟರಿ ಹೋಯಿತಾ?

ಉತ್ತರ: ಮೊದಲು ಮುಚ್ಚಳದ ತೇಲುಕಡ್ಡಿ ನೋಡಿ. ಕೆಂಪು ಗುರುತಿಗೆ ಇಳಿದಿದ್ದರೆ ಡಿಸ್ಟಿಲ್ಡ್ ವಾಟರ್ ಹಾಕಿ. ಬಾವಿ ನೀರು, ಫಿಲ್ಟರ್ ನೀರು ಬೇಡವೇ ಬೇಡ. ಟರ್ಮಿನಲ್ ಮೇಲೆ ಬಿಳಿ, ಹಸಿರು ಪುಡಿ ಕೂತಿದ್ದರೆ ಇನ್ವರ್ಟರ್ ಆಫ್ ಮಾಡಿ, ವೈರ್ ಬಿಚ್ಚಿ ತಿಕ್ಕಿ ತೆಗೆದು, ಮತ್ತೆ ಬಿಗಿ ಮಾಡಿದ ಮೇಲೆ ಸ್ವಲ್ಪ ವ್ಯಾಸಲೀನ್ ಸವರಿ. ಪೂರ್ತಿ ಚಾರ್ಜ್ ಆದ ಮೇಲೂ ಒಂದೇ ಗಂಟೆಯಾದರೆ, ಅದರಲ್ಲೂ ಬ್ಯಾಟರಿಗೆ ಐದಾರು ವರ್ಷ ಆಗಿದ್ದರೆ, ಹಳೆಯದನ್ನು ಅಂಗಡಿಗೆ ವಾಪಸ್ ಕೊಟ್ಟು ಹೊಸದು ತನ್ನಿ. ಕೊಡುವಾಗ ಹಳೆಯದಕ್ಕೆ ಎಷ್ಟು ಕಳೆಯುತ್ತಾರೆ ಅಂತ ಎರಡು ಕಡೆ ವಿಚಾರಿಸಿ.