ನಾಯಿಗೆ ಹಾಕುವ ಉಣ್ಣಿ ಔಷಧಿಯನ್ನು ಬೆಕ್ಕಿಗೂ ಹಾಕಬಹುದೇ?

ಬೇಡವೇ ಬೇಡ. ನಾಯಿಯ ಕತ್ತಿನ ಮೇಲೆ ಬಿಡುವ ಕೆಲವು ಹನಿ ಔಷಧಿಗಳಲ್ಲಿ ಪರ್ಮೆಥ್ರಿನ್ ಎಂಬ ಕೀಟನಾಶಕ ಇರುತ್ತದೆ. ನಾಯಿ ಅದನ್ನು ತಡೆದುಕೊಳ್ಳುತ್ತದೆ. ಬೆಕ್ಕಿನ ಲಿವರ್‌ಗೆ ಅದನ್ನು ಬೇಗ ಒಡೆದು ಹೊರಹಾಕಲು ಆಗುವುದಿಲ್ಲ. ನಡುಕ, ಫಿಟ್ಸ್ ಬಂದು ಜೀವವೇ ಹೋಗಬಹುದು. ‘ಬೆಕ್ಕು ಚಿಕ್ಕದು, ಅರ್ಧ ಡೋಸ್ ಸಾಕು’ ಅನ್ನೋ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಔಷಧಿ ಹಾಕಿದ ನಾಯಿಯನ್ನೂ ಅದು ಪೂರ್ತಿ ಒಣಗುವ ತನಕ ಬೆಕ್ಕಿನಿಂದ ದೂರ ಇಡಿ. ಎರಡೂ ಒಟ್ಟಿಗೆ ಮಲಗುತ್ತವೆ, ನೆಕ್ಕುತ್ತವೆ ಅಲ್ವಾ?

ಈಗಾಗಲೇ ಹಾಕಿಬಿಟ್ಟಿದ್ದರೆ ಸುಮ್ನೆ ಕಾಯಬೇಡಿ. ಪಶುವೈದ್ಯರಿಗೆ ಫೋನ್ ಮಾಡಿ, ಔಷಧಿಯ ಪ್ಯಾಕೆಟ್ ಸಮೇತ ಹೊರಡಿ.

ಇನ್ನು ಉಣ್ಣಿಗೆಂದು ನಾಯಿಗೆ ಕೊಡುವ ಫ್ಲುರಾಲನರ್, ಅಫಾಕ್ಸೊಲನರ್ ಮಾತ್ರೆಗಳಿಂದ ಕೆಲವು ನಾಯಿಗಳಿಗೆ ಫಿಟ್ಸ್ ಬರಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲಿ ಎಚ್ಚರಿಸಿತ್ತು. ಹೆಚ್ಚಿನ ನಾಯಿಗಳಿಗೆ ತೊಂದರೆಯಿಲ್ಲ. ನಿಮ್ಮ ನಾಯಿಗೆ ಹಿಂದೆ ಫಿಟ್ಸ್ ಬಂದಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ.